ಅಮಾವಾಸ್ಯೆಯ ರೊಟ್ಟಿ ಮತ್ತು ನನ್ನ ಸೊಂಟ

ಮೊನ್ನೆ ಜಡಿಮಳೆ ಹಿಡಿದಿತ್ತು. ನಮ್ಮ ಶಹಾಪುರದಲ್ಲಿ ಮಳೆ ಬಂದರೆ ಧೋ ಎಂದು ಬಂದು ಹೋಗುತ್ತದೆ. ಹೀಗೆ ದಿನಗಟ್ಟಲೆ ಕೂತು ಜಿಟಿಜಿಟಿ ಎನ್ನುವುದು ಅಪರೂಪ. ಬಟ್ಟೆ ಒಣಗಲೊಲ್ಲವು. ಒಂದು ದಪ್ಪ ಟವೆಲನ್ನು ಬಚ್ಚಲಿನ ಬಿಸಿನೀರ ಹಂಡೆಯ ಮೇಲೆ ಹೊದಿಸಿ ಬಂದು ಹಿಟ್ಟು ನಾದುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕಾದ ಒದ್ದೆ ಟವೆಲಿನ ವಾಸನೆ ಅಡುಗೆಮನೆಗೆ ಬಂತು. ಹಿಟ್ಟಿನ ಕೈಯಲ್ಲೇ ಎದ್ದು ನಿಂತುಬಿಟ್ಟೆ. ಆ ವಾಸನೆ ಬಂದರೆ ನನಗೆ ಕೂರಲಾಗುವುದಿಲ್ಲ. ಯಾದಗಿರಿಯ ಒಂದು ಸಣ್ಣ ಕೋಣೆ, ಹಸಿರು ಪರದೆ, "ಉಸಿರು ಹಿಡೀಬ್ಯಾಡ್ರಿ ಅಮ್ಮಾರ" ಎನ್ನುವ ಹುಡುಗಿಯ ದನಿ, ಎಲ್ಲವೂ ಒಟ್ಟಿಗೇ ನುಗ್ಗುತ್ತವೆ. ನನ್ನ ಮಗಳು ಭಾಗ್ಯ ಮೊದಲ ಸಲ ಬಸಿರಾದ ವರ್ಷ ಅದು. ಆ ವರ್ಷ ಪಂಚಮಿಯಿಂದ ಶಿವರಾತ್ರಿಯವರೆಗೆ ನಾನು ಒಂದು ಕಡೆ ನೆಟ್ಟಗೆ ಕೂತದ್ದು ನೆನಪಿಲ್ಲ, ಮಲಗಿದ್ದೂ ನೆನಪಿಲ್ಲ.

ಸೊಂಟದ ನೋವು ನನಗೆ ಹೊಸದಾಗಿರಲಿಲ್ಲ. ಭಾಗ್ಯ ಶಾಲೆಗೆ ಹೋಗುವಾಗಲೇ ಶುರುವಾಗಿತ್ತು. ಬರುತ್ತಿತ್ತು, ಒಂದಷ್ಟು ದಿನ ಇದ್ದು ತಾನೇ ಹೋಗುತ್ತಿತ್ತು. ಎಣ್ಣೆ ತಿಕ್ಕಿಸಿಕೊಂಡೆ, ಬೆಲ್ಟು ಕಟ್ಟಿಕೊಂಡೆ, ಇಂಜೆಕ್ಷನ್ ಮಾಡಿಸಿಕೊಂಡೆ. ಕಲಬುರಗಿಯ ದೊಡ್ಡ ಡಾಕ್ಟರು ಬೆನ್ನಿನ ಫೋಟೊ ತೆಗೆಸಿ ನೋಡಿ, ಆಪರೇಷನ್ ಬೇಕಿಲ್ಲ, ಫಿಜಿಯೋಥೆರಪಿಗೆ ಹೋಗಿ, ವ್ಯಾಯಾಮ ಹೇಳಿಕೊಡುತ್ತಾರೆ ಎಂದರು. ಆಪರೇಷನ್ ಬೇಕಿಲ್ಲ ಎಂಬ ಮಾತಿಗೆ ದೇವರಿಗೆ ಕೈಮುಗಿದೆ, ವ್ಯಾಯಾಮದ ಮಾತನ್ನು ಅಲ್ಲೇ ಬಿಟ್ಟು ಬಂದೆ. ಮುಂಜಾನೆ ಎದ್ದರೆ ಕಸ, ಮುಸುರೆ, ನೀರು, ರೊಟ್ಟಿ. ಇದಕ್ಕಿಂತ ಇನ್ನೆಂಥ ವ್ಯಾಯಾಮ ಎಂಬುದು ನನ್ನ ತಿಳಿವಳಿಕೆ.

ಆ ವರ್ಷದ ಪಂಚಮಿಗೆ ಭಾಗ್ಯಳನ್ನು ಕರೆದುಕೊಂಡು ನಮ್ಮ ಬೀಗತಿ ನೀಲಮ್ಮ ತಾನೇ ಕಕ್ಕೇರಾದಿಂದ ಬಂದಳು. ಸಿಹಿ ಸುದ್ದಿಯನ್ನು ಫೋನಿನಲ್ಲಿ ಹೇಳುವುದು ಅವಳಿಗೆ ಸರಿಬರಲಿಲ್ಲ. ಗಟ್ಟಿ ಹೆಂಗಸು, ಹೊಲದಲ್ಲಿ ದುಡಿದ ಮೈ, ಮಾತೂ ಅಷ್ಟೇ ಗಟ್ಟಿ. ಸುದ್ದಿ ಕೇಳಿ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಂಬಿಟ್ಟಿನ ತಾಟು ತಂದು ಬೀಗತಿಯ ಮುಂದೆ ಬಗ್ಗಿ ಇಟ್ಟೆ. ಇಟ್ಟವಳು ಏಳಲಿಲ್ಲ. ಸೊಂಟದಲ್ಲಿ ಕಾದ ಸಲಾಕೆ ಆಡಿಸಿದ ಹಾಗಾಯಿತು. ನಾಲ್ಕು ಕಾಲಿನ ಮೇಲೆ ನಿಂತ ಆಕಳ ಹಾಗೆ ಅಲ್ಲೇ ಉಳಿದೆ.

"ಅಯ್ಯ ಶಿವನ! ನಾಗಪ್ಪ ಹುತ್ತದಾಗ ಇರ್ತಾನ ಅಂತ ಹಾಲೆರದು ಬಂದೀವಿ, ಅಂವ ನೋಡಿದ್ರ ನಿಮ್ಮ ಸೊಂಟದಾಗ ಹೊಕ್ಕಾನಲ್ರಿ ಬೀಗತ್ಯಾರ" ಎಂದಳು ನೀಲಮ್ಮ. ನಕ್ಕಳು, ಆದರೆ ಬಂದು ರಟ್ಟೆ ಹಿಡಿದು ಎಬ್ಬಿಸಿದವಳೂ ಅವಳೇ.

ಚಹಾ ಕುಡಿಯುವಾಗ ನಗು ಇರಲಿಲ್ಲ. "ತಪ್ಪು ತಿಳಕೋಬ್ಯಾಡ್ರಿ. ಮೊದಲನೇ ಬಾಣಂತನ ತವರುಮನಿದು, ನನಗ ಗೊತ್ತಿಲ್ಲಂತಲ್ಲ. ಆದ್ರ ಬಾಣಂತಿನ್ನ ನೋಡೋ ಹೆಂಗಸನ್ನ ನೋಡಾಕ ಮತ್ತೊಬ್ಬಾಕಿ ಬೇಕಾದ್ರ ಹ್ಯಾಂಗ್ರಿ? ಕಕ್ಕೇರಾದಾಗ ನಾನ ಮಾಡ್ತೀನಿ ಬಿಡ್ರಿ."

ಭಾಗ್ಯ ನನ್ನ ಪಕ್ಕದಲ್ಲಿ ಕೂತಿದ್ದಳು. "ಅವ್ವಾ, ನನಗ ಎಲ್ಲಾದ್ರೂ ನಡೀತದ" ಎಂದಳು. ಬಾಯಿ ಹಾಗೆ ಹೇಳುತ್ತಿತ್ತು, ಕೈ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿತ್ತು. ಚಿಕ್ಕವಳಿದ್ದಾಗ ಜಾತ್ರೆಯ ಗದ್ದಲದಲ್ಲಿ ಹೀಗೇ ಸುತ್ತಿಕೊಳ್ಳುತ್ತಿದ್ದಳು. ಇರುವವಳೇ ಒಬ್ಬಳು ಮಗಳು. ನನ್ನವ್ವ ನನಗೆ ನೀರೆರೆದು, ಬೆಂಕಿ ಕಾಯಿಸಿ, ಕಟ್ಟಿನ ಸಾರು ಉಣಿಸಿದ ಋಣವನ್ನು ನಾನು ತೀರಿಸುವುದು ಇನ್ನೆಲ್ಲಿ?

"ಕುಬಸದ ತನಕ ತಡೀರಿ ಬೀಗತ್ಯಾರ" ಎಂದೆ. ಕುಬಸವೆಂದರೆ ಏಳನೆಯ ತಿಂಗಳಲ್ಲಿ ತವರಿನವರು ಬುತ್ತಿ ಒಯ್ದು ಬಸುರಿಗೆ ಹಸಿರು ಕುಬಸ ತೊಡಿಸುವ ಕಾರ್ಯ.

"ಆಗಲ್ರಿ. ಕುಬಸದ ದಿನ ನೀವು ಬುತ್ತಿ ತಗೊಂಡು ಬಂದು ನಮ್ಮ ಮನ್ಯಾಗ ನೆಲಕ್ಕ ಕುಂತು ನೀವಾಗೇ ಎದ್ರಿ ಅಂದ್ರ, ಮಗಳನ್ನ ಕರಕೊಂಡು ಹೋಗ್ರಿ. ನಾ ಅಡ್ಡ ಬರಂಗಿಲ್ಲ."

ಅಂದಿನಿಂದ ನನ್ನ ಚಡಪಡಿಕೆ ಶುರುವಾಯಿತು.

ಫಿಜಿಯೋಥೆರಪಿಗೆ ಯಾದಗಿರಿಗೆ ಹೋಗಬೇಕಿತ್ತು. ಮೊದಲ ದಿನ ನಮ್ಮ ಮನೆಯವರೂ ಜೊತೆಗೆ ಬಂದರು. ಅವರು ಗೌಂಡಿ, ಮನೆ ಕಟ್ಟುವ ಕೆಲಸ. ಒಂದು ದಿನದ ಕೆಲಸ ಬಿಟ್ಟು ಬಂದಿದ್ದರು. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಅದೊಂದು ಪುಣ್ಯ. ಕೂತರೆ ಸೊಂಟ ಸಿಡಿಯುತ್ತದೆ, ನಿಂತರೆ ಕಾಲು ಜೋಮು ಹಿಡಿಯುತ್ತದೆ. ಊರ ಹೊರಗೆ ನಮ್ಮ ಗುಡ್ಡ ಯಾವತ್ತಿನಂತೆ ಮನುಷ್ಯ ಅಂಗಾತ ಮಲಗಿದ ಹಾಗೆ ಮಲಗಿತ್ತು. ಊರಿನವರಿಗೆ ಅದು ಬುದ್ಧ. ನನಗೆ ಅವತ್ತು ಹೊಟ್ಟೆಕಿಚ್ಚಾಯಿತು. ಎಷ್ಟು ವರ್ಷದಿಂದ ಮಗ್ಗುಲು ಬದಲಿಸದೆ ಮಲಗಿದ್ದಾನೆ, ನನಗೆ ಒಂದು ತಾಸು ಆಗುವುದಿಲ್ಲವಲ್ಲ ಎಂದು. ಭೀಮೆಯ ಸೇತುವೆ ಬಂದಾಗ ಸೀಟಿನಿಂದ ಎದ್ದು ನಿಂತು ಹೊಳೆಗೆ ಕೈಮುಗಿದೆ. ಭಕ್ತಿಯೂ ಆಯಿತು, ಸೊಂಟಕ್ಕೂ ಆರಾಮಾಯಿತು.

ಕೋಣೆಯಲ್ಲಿದ್ದವಳು ನಸ್ರೀನ್ ಎಂಬ ಹುಡುಗಿ, ನನ್ನ ಭಾಗ್ಯಳಿಗಿಂತ ಎರಡು ಮೂರು ವರ್ಷ ದೊಡ್ಡವಳಿದ್ದಾಳು. ಯಾದಗಿರಿಯವಳೇ. ತಲೆಗೆ ಓಢಣಿ, ಮೇಲೆ ಬಿಳಿ ಕೋಟು. ನೀರಿನ ಡಬ್ಬಿಯೊಳಗಿಂದ ಬಿಸಿ ಚೀಲ ತೆಗೆದು, ದಪ್ಪ ಟವೆಲಿನಲ್ಲಿ ಸುತ್ತಿ ಸೊಂಟಕ್ಕೆ ಇಟ್ಟಳು. ಆ ವಾಸನೆಯೇ ಮೊನ್ನೆ ಬಂದದ್ದು. ಬಿಸಿ ಇಳಿದಂತೆ ಬಿಗಿದ ಗಂಟು ಸಡಿಲಾಗಿ ಕಣ್ಣೀರು ಬಂತು. ಇಷ್ಟು ದಿನ ಇಷ್ಟು ಬಿಗಿಹಿಡಿದುಕೊಂಡಿದ್ದೆನೇ ಎಂದು ನನಗೇ ಆಶ್ಚರ್ಯ.

ಆಮೇಲೆ ಅಂಗಾತ ಮಲಗಿಸಿ, ಮೊಳಕಾಲು ಮಡಚಿಸಿ, ಸೊಂಟ ಮೇಲೆತ್ತಲು ಹೇಳಿದಳು. "ಎತ್ತಿ ಹತ್ತು ಎಣಿಸೋ ತನಕ ಹಿಡೀರಿ."

ಎಣಿಕೆ ನನಗೆ ತಪ್ಪುತ್ತದೆ, ನೋವಿನಲ್ಲಿ ಮೂರರಿಂದ ಎಂಟಕ್ಕೆ ಜಿಗಿಯುತ್ತೇನೆ. ಓಂ ನಮಃ ಶಿವಾಯ ಅಂದುಕೊಳ್ಳಲೇ ಎಂದು ಕೇಳಿದೆ. "ಅನ್ರಿ, ಅದಕ್ಕೇನು" ಎಂದಳು. ನಾನು ಹಲ್ಲು ಕಚ್ಚಿ ಗಡಗಡ ಅಂದು ಮುಗಿಸಿ ಸೊಂಟ ಕೆಳಗೆ ಹಾಕಿದೆ.

"ಅಮ್ಮಾರ, ದೇವರ ಹೆಸರು ತಗೊಳ್ಳಾಕತ್ತೀರೋ, ಬಸ್ಸು ಹಿಡಿಯಾಕ ಓಡಾಕತ್ತೀರೋ? ಸಾವಕಾಶ ಅನ್ರಿ."

ಮೂಲೆಯ ಕುರ್ಚಿಯಲ್ಲಿದ್ದ ನಮ್ಮ ಮನೆಯವರು, "ಅಕಿ ಪೂಜಿನೂ ಹಂಗ ಮಾಡೋದ್ರಿ, ಒಲಿ ಮ್ಯಾಲ ಏನರ ಉಕ್ಕಿ ಹೊಂಟದೇನೋ ಅನ್ನೋರಂಗ" ಎಂದರು. ಮಲಗಿದಲ್ಲಿಂದಲೇ ಒಂದು ನೋಟ ನೋಡಿದೆ.

ನಸ್ರೀನ್ ಒಂದು ಮಾತು ಮೊದಲ ದಿನವೇ ಹೇಳಿದ್ದಳು. "ಬ್ಯಾನಿ ಜೋರಾತಂದ್ರ ಒಳಗ ಏನೋ ಮುರದದ ಅಂತ ಅಂಜಬ್ಯಾಡ್ರಿ. ನಿಮ್ಮ ಫೋಟೊದಾಗ ಅಂಥಾದ್ದೇನಿಲ್ಲ. ಹಳೇ ಬ್ಯಾನಿ ಇದು, ಬರ್ತದ, ಇಳೀತದ. ಬಂದಾಗ ಹಾಸಿಗಿ ಹಿಡೀಬ್ಯಾಡ್ರಿ, ಹೋದಾಗ ಮೈಮರೀಬ್ಯಾಡ್ರಿ." ಮೊದಲ ಅರ್ಧ ನನಗೆ ತಿಳಿಯಿತು, ಕಡೆಯದು ಕಿವಿಗೆ ಬಿದ್ದು ಹೋಯಿತು.

ಶ್ರಾವಣದ ಮಧ್ಯಕ್ಕೆ ಗುಣ ಕಂಡಿತು. ಬೆಕ್ಕು ಬೆನ್ನು ಉಬ್ಬಿಸಿದ ಹಾಗೆ ಉಬ್ಬಿಸುತ್ತಿದ್ದೆ, ಓಣಿಯ ತುದಿಯವರೆಗೆ ನಡೆಯುತ್ತಿದ್ದೆ. ಅಮಾವಾಸ್ಯೆ ಕಳೆದದ್ದೇ ಮತ್ತೆ ಸಲಾಕೆ. ಒಂದು ವಾರ ಗೋಡೆ ಹಿಡಿದು ನಡೆದೆ. ಮತ್ತೆ ಬಸ್ಸು, ಟವೆಲು, ಶಿವಾಯ. ಮತ್ತೆ ಗುಣ. ಭಾದ್ರಪದದ ಅಮಾವಾಸ್ಯೆಗೆ ಮತ್ತೆ ಅದೇ. ನಮ್ಮ ಮನೆಯವರು, "ಹುಣ್ಣಿವಿ ಅಮಾಸಿಗಿ ಹಳೇ ಬ್ಯಾನಿ ಏಳತಾವ, ಎಲ್ಲಾರೂ ಅಂತಾರಲ್ಲ" ಎಂದರು. ನಾನೂ ಹಾಗೇ ನಂಬಿದೆ. ಚಂದ್ರನಿಗೆ ವ್ಯಾಯಾಮ ಮಾಡಿಸಲಾಗುತ್ತದೆಯೇ?

ಇಲ್ಲಿ ನನ್ನ ಹರಕೆಯ ಮಾತು ಹೇಳಬೇಕು. ಅಬ್ಬೆತುಮಕೂರಿನ ಮಠಕ್ಕೆ ನಾನು ನಡೆದುಕೊಳ್ಳುತ್ತೇನೆ. ಸೊಂಟ ನೆಟ್ಟಗಾಗಿ ಮಗಳ ಬಾಣಂತನ ನನ್ನ ಕೈಯಿಂದ ಆಗಲಿ, ಅಲ್ಲಿಯವರೆಗೆ ಅಮಾವಾಸ್ಯೆ ಅಮಾವಾಸ್ಯೆಗೆ ದಾಸೋಹಕ್ಕೆ ಒಂದು ದೊಡ್ಡ ಬುಟ್ಟಿ ಖಡಕ್ ರೊಟ್ಟಿ ಒಪ್ಪಿಸುತ್ತೇನೆ ಎಂದು ಪಂಚಮಿಯ ಮರುದಿನವೇ ಬೇಡಿಕೊಂಡಿದ್ದೆ. ಸೇವೆಯ ರೊಟ್ಟಿಗೆ ನನ್ನವ್ವ ಹಾಕಿದ ಕಟ್ಟಳೆಯೊಂದಿತ್ತು: ಮಿಂದು ಮಡಿಯುಟ್ಟು ಕೂತರೆ ಬುಟ್ಟಿ ತುಂಬುವವರೆಗೆ ಕೂತ ಜಾಗದಿಂದ ಏಳಬಾರದು. ನಮ್ಮ ಮನೆಯವರು ಊರ ಮಂದಿಗೆಲ್ಲ ನಿಂತು ಅಡುಗೆ ಮಾಡುವ ಕಟ್ಟೆ ಹಾಕಿಕೊಟ್ಟವರು, ನಮ್ಮ ಮನೆಯಲ್ಲಿ ಹಾಕಲು ನಾನು ಬಿಟ್ಟಿರಲಿಲ್ಲ. ನೆಲದ ಒಲೆಯ ಮುಂದೆ ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ಮುಂದೆ ಬಾಗಿ ಬಡಿಯುತ್ತಾ ಹೋದರೆ ಮಧ್ಯಾಹ್ನ ತಿರುಗಿ ಬೆನ್ನ ಮೇಲೆ ಬಿಸಿಲು ಬರುವವರೆಗೆ ಬಡಿಯುತ್ತಿದ್ದೆ. ಅಮಾವಾಸ್ಯೆಯ ಹಿಂದಿನ ದಿನ ನೋವಿಲ್ಲದಿದ್ದರೆ, ಇದು ಮಠದ ಅಜ್ಜನ ಕೃಪೆ, ಕೊಟ್ಟ ಆರೋಗ್ಯವನ್ನು ಅವನ ಸೇವೆಗೇ ಹಾಕಬೇಕು ಎಂದು ಇನ್ನೊಂದು ಬುಟ್ಟಿಗೂ ಕೈಹಾಕುತ್ತಿದ್ದೆ.

ಭಾದ್ರಪದದ ಆ ಸಲ ಕುಂಟುತ್ತಾ ಹೋದಾಗ ನಸ್ರೀನ್ ಕೇಳಿದಳು. "ಬ್ಯಾನಿ ಬಂದ ದಿನದ ಹಿಂದಿನ ದಿನ ಏನ ಮಾಡಿದ್ರಿ ಅಮ್ಮಾರ?"

"ಏನಿಲ್ಲವ್ವ. ಆವತ್ತು ಭಾಳ ಛಲೋ ಇತ್ತು. ಕುಂತು ಮಠಕ್ಕ ರೊಟ್ಟಿ ಬಡದೆ."

"ಎಷ್ಟೊತ್ತು?"

ಹೇಳಿದೆ. ಅವಳ ಕೈ ಟವೆಲಿನ ಮೇಲೇ ನಿಂತಿತು. "ಶ್ರಾವಣದಾಗೂ?" ಹೌದು ಎಂದೆ. ಅವಳು ಪಕ್ಕದ ಸ್ಟೂಲಿನಲ್ಲಿ ಕೂತಳು. "ಅಮ್ಮಾರ, ಅಮಾಸಿ ಏನೂ ಮಾಡಿಲ್ರಿ. ಪಾಪ, ಅದರ ಮ್ಯಾಲ ಯಾಕ ಹಾಕ್ತೀರಿ? ಛಲೋ ಇದ್ದ ದಿನಾನೇ ನೀವು ಸೊಂಟ ಮುರಕೊಳ್ಳಾಕತ್ತೀರಿ. ರೊಟ್ಟಿ ಬಿಡ್ರಿ ಅನ್ನಂಗಿಲ್ಲ. ಖಡಕ್ ರೊಟ್ಟಿ ತಿಂಗಳಾದ್ರೂ ಕೆಡಂಗಿಲ್ಲಲ್ರಿ? ದಿನಾ ನಾಕು ಮಾಡಿ ಇಡ್ರಿ. ನಡುನಡುವ ಏಳ್ರಿ, ಅಡ್ಡಾಡ್ರಿ. ಅಮಾಸಿಗಿ ಬುಟ್ಟಿ ತಾನೇ ತುಂಬತದ."

ನನಗೆ ಸಿಟ್ಟು ಬಂದದ್ದು ಈಗ ನೆನೆದರೆ ನಗು. "ಸೇವಾ ಅಂದ್ರ ಉಪ್ಪಿನಕಾಯಿ ಅಲ್ಲವ್ವ, ದಿನಾ ಒಂದೀಟು ಹಾಕಿ ಇಡಾಕ. ನಮ್ಮ ಮಡಿ ನಿನಗ ತಿಳಿಯಂಗಿಲ್ಲ" ಎಂದೆ. ಅವಳು ಮುಖ ಸಣ್ಣ ಮಾಡಲಿಲ್ಲ. "ತಿಳಿಯಂಗಿಲ್ರಿ, ಖರೇ ಅದ. ಸೊಂಟ ತಿಳೀತದ. ನಮ್ಮ ಅಮ್ಮೀನೂ ಹಿಂಗ. ರಂಜಾನದಾಗ ಮೈಯಾಗ ಒಂದೀಟು ತ್ರಾಣ ಬಂತಂದ್ರ ಇಡೀ ಮನಿ ತೊಳೀತಾರ, ಆಮ್ಯಾಲ ಹಬ್ಬದ ದಿನ ಪಲಂಗಿನ ಮ್ಯಾಲ" ಎಂದು ಎದ್ದು ಪರದೆ ಸರಿಸಿದಳು.

ಆಮೇಲೆ ನಾನು ಯಾದಗಿರಿಗೆ ಹೋಗಲಿಲ್ಲ. ದಸರೆ ಬಂತು, ಹೋಯಿತು. ಭಾಗ್ಯಳ ಹೊಟ್ಟೆ ಕಾಣುವಷ್ಟಾಯಿತು; ಫೋನಿನಲ್ಲಿ ಮುಖ ತೋರಿಸಿ ಮಾತಾಡುವಾಗ, "ಅವ್ವಾ, ವ್ಯಾಯಾಮ ಮಾಡಾಕತ್ತಿಯಿಲ್ಲ?" ಎಂದು ಕೇಳುತ್ತಿದ್ದಳು. ಮಾಡುತ್ತಿದ್ದೇನೆ ಎನ್ನುತ್ತಿದ್ದೆ. ಅಷ್ಟಿಷ್ಟು ಮಾಡುತ್ತಲೂ ಇದ್ದೆ. ಮಳೆ ಹಿಂದೆಗೆದು ಹತ್ತಿ ಒಡೆಯುವ ಕಾಲ. ಹೊಲಗಳೆಲ್ಲ ಬೆಳ್ಳಗಾಗಿದ್ದವು. ಹೊರಗೆ ಅಷ್ಟು ಬೆಳಕಿದ್ದರೂ ನನ್ನ ಜೀವ ಒಂದು ಕಡೆ ನಿಲ್ಲದು. ಕದದವರೆಗೆ ಹೋಗಿ ಬರುತ್ತಿದ್ದೆ. ಏನು ಮರೆತೆನೋ ಎಂಬಂತೆ ಒಳಗೆ ಬಂದು ಡಬ್ಬಿಗಳ ಮುಚ್ಚಳ ತೆಗೆದು ಮುಚ್ಚುತ್ತಿದ್ದೆ.

ದೀಪಾವಳಿಯೂ ಅಮಾವಾಸ್ಯೆಯೇ ತಾನೇ. ದೊಡ್ಡ ಅಮಾವಾಸ್ಯೆ ಎಂದು ದೊಡ್ಡ ಬುಟ್ಟಿ. ಆ ಹುಡುಗಿಯ ಮಾತು ಸುಳ್ಳು ಮಾಡಬೇಕೆಂಬ ಹಟವೂ ಒಳಗೆಲ್ಲೋ ಇತ್ತು. ಕೊನೆಯ ರೊಟ್ಟಿಯನ್ನು ಹಂಚಿನಿಂದ ತೆಗೆದೆ, ಒಲೆಗೆ ಒರಗಿಸಿ ನಿಲ್ಲಿಸಿದೆ. ಏಳಲು ಹೋದರೆ ಸೊಂಟದಿಂದ ಕೆಳಗೆ ಕಾಲು ನನ್ನವಲ್ಲ ಎಂಬಂತಾಯಿತು. ನಮ್ಮ ಮನೆಯವರೂ ಪಕ್ಕದ ಮನೆಯಾಕೆಯೂ ಎತ್ತಿ ಮಲಗಿಸಿದರು. ಬುಟ್ಟಿಯನ್ನು ಅವರೇ ಮಠಕ್ಕೆ ಒಯ್ದರು. ಓಣಿಯಲ್ಲಿ ದೀಪ ಹಚ್ಚುತ್ತಿದ್ದರು, ನಾನು ಗೋಡೆ ನೋಡುತ್ತಾ ಮಲಗಿದ್ದೆ. ಕುಬಸಕ್ಕೆ ಒಂದು ತಿಂಗಳು ಮಾತ್ರ ಉಳಿದಿತ್ತು.

ಮರುದಿನ ಮುಂಜಾನೆ ಪೂಜೆಗೆ ಕೂರಲೂ ಆಗಲಿಲ್ಲ. ಮನೆಯವರು ಬೆನ್ನಿಗೆ ದಿಂಬು ಕೊಟ್ಟು ಒರಗಿಸಿದರು. ಮಡಿಯೂ ಇಲ್ಲ, ಮಣೆಯೂ ಇಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಬಲಗೈಯಿಂದ ಒಂದು ಬಿಲ್ವದಳ ಏರಿಸಿ, "ಇವತ್ತಿಗಿ ಇಷ್ಟೇ ನನ್ನಪ್ಪ, ಇಷ್ಟಕ್ಕ ಒಪ್ಪಿಗೋ" ಎಂದೆ. ಅಂದ ಮೇಲೆ ಆ ಮಾತು ನನಗೇ ಕೇಳಿಸಿತು. ಜೀವಮಾನವಿಡೀ ದಿನಾ ಇಷ್ಟಿಷ್ಟೇ ಪೂಜೆ ಮಾಡುತ್ತಾ ಬಂದವಳು ನಾನು. ತಿಂಗಳ ಪೂಜೆಯನ್ನೆಲ್ಲ ಕೂಡಿಟ್ಟು ಅಮಾವಾಸ್ಯೆಯ ದಿನ ಒಂದೇ ಪಟ್ಟಿಗೆ ಎಂದಾದರೂ ಮಾಡಿದ್ದೇನೆಯೇ? ಅಂಗೈಯಲ್ಲಿದ್ದವನು ಒಂದು ದಳಕ್ಕೆ ಒಪ್ಪಿದರೆ, ಬುಟ್ಟಿಯ ಲೆಕ್ಕ ಹಿಡಿದವರು ಯಾರು? ಅವ್ವನ ಕಟ್ಟಳೆ ಅವ್ವನ ಸೊಂಟಕ್ಕೆ ಸರಿಯಾಗಿತ್ತು. ಅವಳ ಮೇಲೆ ನನಗೆ ಬೇಸರವಿಲ್ಲ.

ಮನೆಯವರನ್ನು ಕರೆದೆ. "ಏನ್ರಿ, ಯಾದಗಿರಿಗಿ ಹೋಗೋಣು. ಮತ್ತ ಬಂದು ನನಗೊಂದು ಅಡಗಿ ಕಟ್ಟಿ ಹಾಕ್ರಿ."

ಅವರು ನನ್ನ ಹಣೆ ಮುಟ್ಟಿ ನೋಡಿದರು. "ಜ್ವರ ಏನಿಲ್ಲಲ್ಲ?"

ನಸ್ರೀನ್ "ಬರ್ರಿ ಅಮ್ಮಾರ, ಟವೆಲ್ ಬಿಸಿ ಅದ" ಎಂದಳು, ಅಷ್ಟೇ. ನಾನು ಪರದೆ ಸರಿಸಿ ಹೋಗಿ ಮಲಗಿದೆ. ಎರಡನೆಯ ಸಲ ಹೋದಾಗ ನಾಲ್ಕು ಖಡಕ್ ರೊಟ್ಟಿ, ಅದರ ಮೇಲೆ ಶೇಂಗಾ ಚಟ್ನಿಪುಡಿ ಹಾಕಿ ಒಯ್ದೆ. ಅವಳು ಮೂಲೆ ಮುರಿದು ಬಾಯಿಗಿಟ್ಟುಕೊಂಡು, "ಇದು ಯಾವ ದಿನದ್ದು?" ಎಂದಳು. "ನಿನ್ನಿದು. ಎರಡು ಮಾಡಿ ಓಣಿ ತುದಿ ತನಕ ಹೋಗಿಬಂದು ಮತ್ತೆರಡು ಮಾಡೀನಿ ತಾಯಿ" ಎಂದೆ. ಇಬ್ಬರೂ ನಕ್ಕೆವು. ಬ್ಯಾನಿ ಎದ್ದಾಗ ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲೋ ಮಂಚದ ಮೇಲೋ ಎತ್ತಿಟ್ಟು ಉಸಿರು ಬಿಡುವುದನ್ನು ಅವತ್ತೇ ಕಲಿಸಿದಳು. "ಎಲ್ಲೇ ಇರ್ರಿ, ಯಾರೇ ಇರ್ಲಿ, ನಾಚಿಕಿ ಬಿಟ್ಟು ಮಲಗ್ರಿ."

ಇಷ್ಟಿಷ್ಟೇ ಮಾಡುವುದು ಸುಲಭವೆಂದು ಯಾರೂ ತಿಳಿಯಬೇಡಿ. ನೋವಿನಲ್ಲಿ ಸುಮ್ಮನಿರಬಹುದು, ನೋವಿಲ್ಲದ ದಿನ ಕೈ ಕಟ್ಟಿ ಎದ್ದೇಳುವುದಿದೆಯಲ್ಲ, ಅದು ಉಪವಾಸಕ್ಕಿಂತ ಕಠಿಣ. ಹಿಟ್ಟು ಪರಾತದಲ್ಲಿ ಉಳಿದಿರುತ್ತದೆ, ಹಂಚು ಕಾದಿರುತ್ತದೆ, ಇನ್ನೊಂದು ಬಡಿದುಬಿಡು ಎಂದು ಅಂಗೈ ತುರಿಸುತ್ತದೆ. ಹಸಿ ಅರಿವೆ ಮುಚ್ಚಿ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಆದರೂ ಕುಬಸದ ಬುತ್ತಿಯ ಬುಟ್ಟಿ ದಿನದಿನಕ್ಕೂ ಎತ್ತರವಾಯಿತು. ಅದನ್ನು ನೋಡುವುದೇ ನನಗೊಂದು ಸಮಾಧಾನ.

ಕುಬಸದ ದಿನ ಸುರಪುರದವರೆಗೆ ಬಸ್ಸಿನಲ್ಲಿ ಚೆನ್ನಾಗಿಯೇ ಹೋದೆವು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಎರಡು ಸುತ್ತು ನಡೆದೆ. ಅಲ್ಲಿಂದ ಕಕ್ಕೇರಾಕ್ಕೆ ಟಂಟಂ ಆಟೊ. ಮಂದಿ ಒತ್ತಿ ಕೂತಿದ್ದರು, ರಸ್ತೆಯ ತಗ್ಗು ಒಂದೊಂದೂ ಸೊಂಟಕ್ಕೇ ಬಂದು ಕೇಳುತ್ತಿತ್ತು. ಊರು ಕಾಣುವ ಹೊತ್ತಿಗೆ ಸಲಾಕೆ ಬಿಸಿಯಾಗತೊಡಗಿತು. ನನ್ನ ಮುಖ ನೋಡಿ ಮನೆಯವರು, "ಏನು?" ಎಂದರು. "ಏನಿಲ್ಲ" ಎಂದೆ. ಇವತ್ತೇ ಬರಬೇಕಿತ್ತೇ! ನನ್ನಪ್ಪಾ, ಬೇರೆ ಯಾವ ದಿನವೂ ನಿನಗೆ ಸಿಗಲಿಲ್ಲವೇ?

ನೀಲಮ್ಮನ ಪಡಸಾಲೆಯಲ್ಲಿ ಹೆಂಗಸರು ತುಂಬಿ ಕುಬಸದ ಹಾಡು ಹೇಳುತ್ತಿದ್ದರು. ಭಾಗ್ಯ ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ಕುಬಸ ತೊಡಿಸಿ, ಉಡಿ ತುಂಬುವವರೆಗೆ ಹಲ್ಲು ಕಚ್ಚಿ ನಿಂತೆ. ಆಮೇಲೆ ನನ್ನ ಮುಂದೆ ಎರಡೇ ದಾರಿ. ಮೊದಲಾಗಿದ್ದರೆ ಕಂಬಕ್ಕೆ ಒರಗಿ, ನಗುತ್ತಾ, ಯಾರಿಗೂ ತೋರಗೊಡದೆ ನಿಲ್ಲುತ್ತಿದ್ದೆ, ಮನೆಗೆ ಹೋಗಿ ಹದಿನೈದು ದಿನ ಬೀಳುತ್ತಿದ್ದೆ. ನಸ್ರೀನ್ ಹೇಳಿದ್ದು ನೆನಪಾಯಿತು. ಸೆರಗು ಬಿಗಿದು, ಶಿವನೇ ಎಂದು ಅಷ್ಟು ಹೆಂಗಸರ ನಡುವೆ ನೆಲದ ಮೇಲೆ ಅಂಗಾತ ಮಲಗಿ ಎರಡೂ ಕಾಲು ಮಂಚದ ಮೇಲಿಟ್ಟೆ.

ಹಾಡು ನಿಂತಿತು. "ಏ ಯವ್ವ, ಬೀಗತ್ಯಾರು ಕುಬಸಕ್ಕ ಬಂದಾರೋ ಕಸರತ್ತಿಗಿ ಬಂದಾರೋ?" ಎಂದಳು ನೀಲಮ್ಮ. ಪಡಸಾಲೆಯೆಲ್ಲ ನಕ್ಕಿತು. ಭಾಗ್ಯಳ ಕಣ್ಣು ತುಂಬಿದವು.

"ಬ್ಯಾನಿ ಎದ್ದದ್ರಿ. ಒಂದೀಟು ತಡೀರಿ, ಇಳೀತದ. ನೀವು ಹಾಡ್ರಿ" ಎಂದೆ. ಒಳಗೆ ಓಂ ನಮಃ ಶಿವಾಯ, ಸಾವಕಾಶ. ಅವರು ಹಾಡಿದರು. ಹಾಡು ಮುಗಿಯುವ ಹೊತ್ತಿಗೆ ಬಿಗಿತ ಸಡಿಲಾಗಿ, ಮಗ್ಗುಲಾಗಿ, ಕೈ ಊರಿ, ಯಾರ ರಟ್ಟೆಯೂ ಇಲ್ಲದೆ ಎದ್ದು ಕೂತೆ. ಆಮೇಲೆ ನಿಂತೆ. ನೋವು ಹೋಗಿರಲಿಲ್ಲ. ನಿಲ್ಲುವಷ್ಟು ಜಾಗ ಕೊಟ್ಟಿತ್ತು, ಅದೇ ದೊಡ್ಡದು.

ನೀಲಮ್ಮ ನನ್ನನ್ನೇ ನೋಡುತ್ತಿದ್ದಳು. ಬಂದು ಪಕ್ಕದಲ್ಲಿ ಕೂತು ದನಿ ತಗ್ಗಿಸಿದಳು. "ಎದ್ರಿ, ಖರೆ. ಮಾತು ಮಾತ. ಆದ್ರ ಕೂಸಿಗಿ ಎರಿಯೋದು ಹ್ಯಾಂಗ್ರಿ? ಕಾಲು ಚಾಚಿ ಕುಂತು ಬಾಗಬೇಕಾಗ್ತದ, ದಿನಾ."

"ಅದು ನನ್ನ ಕೈಲಿ ಆಗಂಗಿಲ್ರಿ" ಎಂದೆ. ಹೀಗೆ ನೇರವಾಗಿ ಹೇಳಿದ್ದು ಅದೇ ಮೊದಲು. "ಅದಕ್ಕ ನೀವ ಬರ್ರಿ."

"ನಾನು? ಬೀಗರ ಮನ್ಯಾಗ ಇರಾಕ? ಮಂದಿ ಏನಂದಾರು!"

"ಮಂದಿ ಬಂದು ಕೂಸಿಗಿ ಎರೀತಾರೇನ್ರಿ?"

ಅವಳು ಬುತ್ತಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಕೆಲವಕ್ಕೆ ಕೆಂಪು ಚುಕ್ಕೆ ಬಿದ್ದಿದ್ದವು, ಕೆಲವು ತೆಳ್ಳಗೆ, ಕೆಲವು ದಪ್ಪ. "ಕೈ ಒಂದ. ಆದ್ರ ಇವು ಒಂದ ದಿನದ ರೊಟ್ಟಿ ಅಲ್ಲ" ಎಂದಳು.

"ಅಲ್ರಿ. ದಿನಾ ಒಂದೀಟು."

"ಹಂಗಂದ್ರ ಬಾಣಂತನಾನೂ ನೀವೊಂದೀಟು, ನಾನೊಂದೀಟು ಅನ್ನಾಕತ್ತೀರಿ" ಎಂದು ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. ಅಗಿಯುತ್ತಾ ಅಗಿಯುತ್ತಾ, "ನಿಮ್ಮ ಮನ್ಯಾಗ ಚಹಾಕ್ಕ ಸಕ್ರಿ ಕಡಿಮಿ ಹಾಕ್ತೀರಿ. ಅದೊಂದು ಸುಧಾರಸ್ರಿ" ಎಂದಳು. ಆಗ ನನಗೆ ಅಳು ಬಂತು.

ಸಂಕ್ರಾಂತಿ ಕಳೆದು, ಚಳಿ ಇಳಿಯುವಾಗ ಭಾಗ್ಯ ಹೆತ್ತಳು. ಹೆಣ್ಣು ಕೂಸು, ನಮ್ಮೂರ ಸರಕಾರಿ ದವಾಖಾನೆಯಲ್ಲಿ, ಸುಸೂತ್ರ. ನೀಲಮ್ಮ ಕೈಚೀಲ ಹಿಡಿದು ಬಂದು ನಮ್ಮ ಮನೆಯ ಬಚ್ಚಲಲ್ಲಿ ಕಾಲು ಚಾಚಿ ಕೂತಳು. ಅವಳು ಎರೆಯುವುದು, ನಾನು ನಿಂತು ನೀರು ಹದ ಮಾಡಿ ಕೊಡುವುದು. ಅವಳು ಬಾಣಂತಿಯ ಮೈ ತಿಕ್ಕುವುದು, ನಾನು ಹೊಸ ಕಟ್ಟೆಯ ಮುಂದೆ ನಿಂತು ಕಟ್ಟಿನ ಸಾರು ಕುದಿಸುವುದು. ದಿನವಿಡೀ ಜಗಳ. "ನೀರು ಕಾದದ್ದು ಹೆಚ್ಚಾತು." "ನಿಮ್ಮ ಕೈ ತಣ್ಣಗದ." ನಮ್ಮ ಮನೆಯವರು ಇಬ್ಬರು ಬಾಯಿಗಟ್ಟಿ ಹೆಂಗಸರ ನಡುವೆ ಇರಲಾರದೆ ಸಿಮೆಂಟು ಕಲೆಸಿ, ಬಚ್ಚಲ ಗೋಡೆಗೆ ಸೊಂಟದೆತ್ತರಕ್ಕೆ ಒಂದು ಅಗಲ ಚಪ್ಪಡಿ, ಪರಸಿ ಕಲ್ಲು, ಕೂರಿಸಿದರು. "ಕೊಡ ಇಡಾಕ" ಎಂದರು. ನನ್ನ ಮುಖ ಮಾತ್ರ ನೋಡಲಿಲ್ಲ.

ಶಿವರಾತ್ರಿ ಹತ್ತಿರ ಬಂದಾಗ ಕಕ್ಕೇರಾದಲ್ಲಿ ಮೆಣಸಿನಕಾಯಿ ಕಣಕ್ಕೆ ಬಿದ್ದಿದೆ, ಒಂದೆರಡು ದಿನ ಹೋಗಿಬರುತ್ತೇನೆ ಎಂದು ನೀಲಮ್ಮ ಹೊರಟಳು. "ಕೂಸಿಗಿ ಬರೇ ಮೈ ಒರಸ್ರಿ, ಎರಿಯಾಕ ಹೋಗಬ್ಯಾಡ್ರಿ" ಎಂದು ಮೂರು ಸಲ ಹೇಳಿ ಹೋದಳು.

ಮರುದಿನ ಕೂಸು ಎರೆಯುವ ಹೊತ್ತಿಗೆ ಸರಿಯಾಗಿ ಅಳತೊಡಗಿತು. ಒರೆಸಿದೆ. ನಿಲ್ಲಿಸಲಿಲ್ಲ. ಅದಕ್ಕೂ ನನ್ನ ಹಾಗೇ, ಒಂದು ಕಡೆ ಸಮಾಧಾನವಿಲ್ಲ. ಬಚ್ಚಲಿಗೆ ಹೋದೆ. ನನ್ನ ಸೊಂಟಕ್ಕೆ ಶಾಖ ಕೊಡಲು ದಪ್ಪ ಟವೆಲೊಂದು ಬಿಸಿನೀರಿನಲ್ಲಿ ಅದ್ದಿ ಹಿಂಡಿಟ್ಟಿತ್ತು. ಅದನ್ನು ಮಡಚಿ ಆ ಪರಸಿ ಕಲ್ಲಿನ ಮೇಲೆ ಹಾಸಿದೆ. ಕೈಯಿಂದ ಮುಟ್ಟಿ ನೋಡಿದೆ, ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಭಾಗ್ಯಳನ್ನು ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿ, ಕೂಸಿನ ತಲೆಗೆ ಅವಳ ಅಂಗೈ ಆಸರೆ ಕೊಡಿಸಿದೆ. ನಾನು ನೆಟ್ಟಗೆ ನಿಂತು, ಒಂದು ಕಾಲನ್ನು ಮಣೆಯ ಮೇಲಿಟ್ಟು, ನಸ್ರೀನ್ ಹೇಳಿದ ಹಾಗೆ ಉಸಿರು ಬಿಡುತ್ತಾ ತಂಬಿಗೆಯಿಂದ ಸಣ್ಣಗೆ ನೀರು ಬಿಟ್ಟೆ. ಕಾಲಿಗೆ, ಹೊಟ್ಟೆಗೆ, ಎದೆಗೆ. ಕೂಸು ಒಮ್ಮೆ ಬಿಕ್ಕಿತು. ಆಮೇಲೆ ಅಳು ನಿಲ್ಲಿಸಿ ಕಣ್ಣರಳಿಸಿ ನನ್ನನ್ನೇ ನೋಡಿತು. ಕಾದ ಒದ್ದೆ ಟವೆಲಿನ ವಾಸನೆ, ಅದರೊಳಗೆ ಕೂಸಿನ ತಲೆಯ ವಾಸನೆ. "ಅವ್ವಾ, ನಿನ್ನ ಸೊಂಟ..." ಎಂದಳು ಭಾಗ್ಯ. "ಸುಮ್ಮ ಇರ ನೀ, ಶಿವಾಯ ತಪ್ಪತದ" ಎಂದೆ.

ಮೂರನೆಯ ದಿನ ನೀಲಮ್ಮ ಮೆಣಸಿನಕಾಯಿ ಘಾಟಿನ ಸೀರೆಯಲ್ಲೇ ಬಂದಳು. ಕೈಕಾಲು ತೊಳೆದು ಕೂಸನ್ನು ಎತ್ತಿ, ಕತ್ತಿನ ಮಡಿಕೆ, ಕಿವಿಯ ಹಿಂದೆ, ಕಂಕುಳು, ಎಲ್ಲ ತೆರೆದು ನೋಡಿದಳು. ತಲೆ ಮೂಸಿದಳು.

"ಯಾರ ಎರದಾರ?"

"ನಾನ."

"ಕುಂತಾ?"

"ನಿಂತ."

ಪರಸಿ ಕಲ್ಲನ್ನೂ, ಅದರ ಮೇಲೆ ಒಣಗಲು ಹಾಕಿದ ಟವೆಲನ್ನೂ ನೋಡಿಕೊಂಡು ಬಂದಳು. ಅಲ್ಲೇ ನಿಂತಿದ್ದ ನಮ್ಮ ಮನೆಯವರು ಮೆಲ್ಲಗೆ ಹೊರಗೆ ಜಾರಿದರು. ನೀಲಮ್ಮ ಹೇಳಿದಳು: "ನಿಂತು ಎರದ ಕೂಸು. ಇದು ಕುಂದರೋ ಜಾತಿ ಅಲ್ಲ ಬಿಡ್ರಿ, ನಿಮ್ಮಂಗ." ಆಮೇಲೆ ತನ್ನ ಸೊಂಟಕ್ಕೆ ಕೈಯಿಟ್ಟು, ಯಾರಿಗೂ ಕೇಳದ ಹಾಗೆ, "ಕಣದಾಗ ಬಗ್ಗಿ ಬಗ್ಗಿ ನನಗೂ ಹಿಡದದ. ಆ ಮಂಚದ ಮ್ಯಾಲ ಕಾಲಿಡೋದು ಒಂದೀಟು ತೋರಸ್ರಿ" ಎಂದಳು.

ಆ ಕೂಸು ಈಗ ಅಂಗನವಾಡಿಗೆ ಹೋಗುತ್ತದೆ. ನಿಂತಲ್ಲಿ ನಿಲ್ಲುವುದಿಲ್ಲ. ನನ್ನ ನೋವು ಹೋಗಿಲ್ಲ, ಹೋಗುತ್ತದೆಂದು ಈಗ ಬೇಡಿಕೊಳ್ಳುವುದನ್ನೂ ಬಿಟ್ಟಿದ್ದೇನೆ. ಮೊದಲಿನಷ್ಟು ಸಲ ಬರುವುದಿಲ್ಲ, ಬಂದರೂ ಮೊದಲಿನಷ್ಟು ದಿನ ಇರುವುದಿಲ್ಲ, ಅಷ್ಟು ಕೊಟ್ಟಿದ್ದಾನೆ. ಮೊನ್ನೆಯ ಜಡಿಮಳೆಗೂ ಸೊಂಟ ಸಣ್ಣಗೆ ಗುರುಗುಟ್ಟಿತು. ಹರಕೆ ಮುಗಿದರೂ ರೊಟ್ಟಿಯ ಸೇವೆ ಬಿಟ್ಟಿಲ್ಲ, ಅಮಾವಾಸ್ಯೆಯ ಬುಟ್ಟಿ ಅರ್ಧ ತುಂಬಿದೆ. ಎರಡು ರೊಟ್ಟಿ ಬಡಿದು, ಹಿಟ್ಟಿಗೆ ಹಸಿ ಅರಿವೆ ಮುಚ್ಚಿ, ಹಂಡೆಯ ಮೇಲಿನ ಆ ಬಿಸಿ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು ಮಳೆ ನೋಡಲು ಬಾಗಿಲಿಗೆ ಹೋಗಿ ನಿಂತೆ.